ನನ್ನಿಂದಾಯಿತು, ನಿನ್ನಿಂದಾಯಿತು

ನೀತಿಶಾಸ್ತ್ರದ ಸೆಮಿನಾರುಗಳಲ್ಲಿ ಒಬ್ಬ ಲಾರಿ ಡ್ರೈವರ್ ಸುಮಾರು ಅರ್ಧ ಶತಮಾನದಿಂದ ಓಡಾಡಿಕೊಂಡಿದ್ದಾನೆ. ಅವನನ್ನು ರಸ್ತೆಗಿಳಿಸಿದವರು ಬ್ರಿಟಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್, 1976ರಲ್ಲಿ. ಅವನದೇನೂ ತಪ್ಪಿಲ್ಲ, ಆದರೂ ಅವನ ಲಾರಿಗೆ ಸಿಕ್ಕಿ ಒಂದು ಮಗು ಸಾಯುತ್ತದೆ. ಫುಟ್‌ಪಾತಿನಲ್ಲಿ ನಿಂತು ನೋಡಿದವರಿಗೂ ಸಂಕಟವಾಗುತ್ತದೆ. ಆದರೆ ಡ್ರೈವರನ ಸಂಕಟ ಅವರದಕ್ಕಿಂತ ಬೇರೆ ಜಾತಿಯದು, ಬೇರೆಯಾಗಿರಲೇಬೇಕು ಎನ್ನುತ್ತಾರೆ ವಿಲಿಯಮ್ಸ್. ಅದೇ ವರ್ಷ ಥಾಮಸ್ ನೇಗಲ್ ಅದೇ ಶೀರ್ಷಿಕೆಯಲ್ಲಿ ಇನ್ನೊಂದು ಪ್ರಬಂಧ ಬರೆದರು. 'ನೈತಿಕ ಅದೃಷ್ಟ' ಎಂಬ ಚರ್ಚೆ ಹುಟ್ಟಿಕೊಂಡದ್ದು ಹಾಗೆ. ನಮ್ಮ ಕೈಯಲ್ಲಿಲ್ಲದ ಸಂಗತಿಗಳಿಗೆ ನಮ್ಮನ್ನು ಹೊಣೆಯಾಗಿಸುವುದು ಸರಿಯೇ, ಮತ್ತು ಸರಿಯಲ್ಲವೆಂದು ಗೊತ್ತಿದ್ದೂ ನಾವೇಕೆ ಹಾಗೆ ಮಾಡುತ್ತಲೇ ಇರುತ್ತೇವೆ?

ನನ್ನ ಪಿಎಚ್‌ಡಿ ಇದೇ ವಿಷಯದ ಮೇಲೆ ನಡೆಯುತ್ತಿರುವುದರಿಂದ (ತೆವಳುತ್ತಿರುವುದರಿಂದ ಎನ್ನುವುದು ಹೆಚ್ಚು ಸರಿ) ಈ ಡ್ರೈವರನ ಜೊತೆ ನನಗೆ ನಾಲ್ಕು ವರ್ಷದ ಒಡನಾಟ. ಅವನ ಬಗ್ಗೆ ನನಗಿರುವ ದೂರು ಒಂದೇ. ಅವನಿಗೆ ಊರಿಲ್ಲ, ನೆರೆಹೊರೆಯಿಲ್ಲ. ಮರುದಿನ ಬೆಳಗ್ಗೆ ಬೀದಿಯವರು ಅವನಿಗೆ ಏನೆಂದರು, ಹತ್ತಾರು ವರ್ಷ ಕಳೆದ ಮೇಲೆ ಏನೆಂದರು ಎಂಬುದು ಯಾವ ಪುಟದಲ್ಲೂ ಇಲ್ಲ. ಊರಿರುವ ಉದಾಹರಣೆಯೊಂದು ಬೇಕಾಗಿತ್ತು. ಅದು ಸಿಕ್ಕಿದ್ದು ನಾನು ಯಾವತ್ತೂ ಆಡದ ಒಂದು ಆಟದಲ್ಲಿ, ಅಮೆರಿಕದ ಬೇಸ್‌ಬಾಲಿನಲ್ಲಿ.

2003ರ ಅಕ್ಟೋಬರ್ 14, ಶಿಕಾಗೋದ ರಿಗ್ಲಿ ಫೀಲ್ಡ್ ಮೈದಾನ. ನ್ಯಾಷನಲ್ ಲೀಗಿನ ಚಾಂಪಿಯನ್‌ಶಿಪ್ ಸರಣಿಯ ಆರನೇ ಪಂದ್ಯ. ಏಳರಲ್ಲಿ ಮೊದಲು ನಾಲ್ಕು ಗೆದ್ದವರು ವರ್ಲ್ಡ್ ಸೀರೀಸ್‌ಗೆ ಹೋಗುತ್ತಾರೆ. ಶಿಕಾಗೋ ಕಬ್ಸ್ ಮೂರು ಗೆದ್ದಿದೆ, ಎದುರಾಳಿ ಫ್ಲೋರಿಡಾ ಮಾರ್ಲಿನ್ಸ್ ಎರಡು. ಕಬ್ಸ್ ವರ್ಲ್ಡ್ ಸೀರೀಸ್ ಗೆದ್ದದ್ದು 1908ರಲ್ಲಿ. 1945ರ ನಂತರ ಅಲ್ಲಿಗೆ ಕಾಲಿಟ್ಟೂ ಇಲ್ಲ. ಅಂದರೆ ಅಪ್ಪ ನೋಡದ್ದನ್ನು ಮಗ ನೋಡಿಯಾನೆಂದು ಕಾದು, ಮಗನೂ ನೋಡದೆ ಮುದುಕನಾದ ಊರು ಅದು.

ಕ್ರಿಕೆಟ್ ನೋಡಿ ಬೆಳೆದ ನಮಗಾಗಿ ಎರಡು ಮಾತು. ಬೇಸ್‌ಬಾಲಿನಲ್ಲಿ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸಿನಲ್ಲಿ ಒಂದೊಂದು ತಂಡವೂ ಮೂರು ಔಟಾಗುವವರೆಗೆ ಬ್ಯಾಟ್ ಮಾಡುತ್ತದೆ. ಹೊಡೆದ ಚೆಂಡು ಎರಡು ಬದಿಯ ಗೆರೆಗಳ ಆಚೆ ಹೋದರೆ ಅದು ಫೌಲ್, ಲೆಕ್ಕಕ್ಕಿಲ್ಲ. ಆದರೆ ಅದು ನೆಲಕ್ಕೆ ಬೀಳುವ ಮೊದಲೇ ಯಾರಾದರೂ ಹಿಡಿದರೆ ಬ್ಯಾಟರ್ ಔಟು. ಇನ್ನೊಂದು ವ್ಯತ್ಯಾಸ ಮುಖ್ಯವಾದದ್ದು. ನಮ್ಮ ಕ್ರಿಕೆಟ್ ಮೈದಾನಗಳಲ್ಲಿ ಸಿಕ್ಸರ್ ಹೊಡೆದ ಚೆಂಡನ್ನು ಪ್ರೇಕ್ಷಕರು ಒಳಗೆ ಎಸೆಯಬೇಕು. ಅಲ್ಲಿ ಸ್ಟ್ಯಾಂಡಿಗೆ ಬಂದ ಚೆಂಡು ಹಿಡಿದವನದೇ. ಮನೆಗೆ ಕೊಂಡೊಯ್ದು ಮಕ್ಕಳಿಗೆ ತೋರಿಸಬಹುದು. ಹಾಗಾಗಿ ಸ್ಟ್ಯಾಂಡಿನ ಕಡೆ ಚೆಂಡು ಬಂದರೆ ಕೈ ತಾನಾಗಿ ಮೇಲೇಳುತ್ತದೆ.

ಎಂಟನೇ ಇನ್ನಿಂಗ್ಸ್. ಕಬ್ಸ್ 3-0 ಮುಂದಿದೆ. ಪಿಚರ್ ಮಾರ್ಕ್ ಪ್ರಯರ್ ಅದ್ಭುತವಾಗಿ ಎಸೆಯುತ್ತಿದ್ದಾನೆ. ಮಾರ್ಲಿನ್ಸಿನ ಒಬ್ಬ ಔಟಾಗಿದ್ದಾನೆ, ಒಬ್ಬ ಎರಡನೇ ಬೇಸಿನಲ್ಲಿದ್ದಾನೆ. ಇನ್ನು ಐದು ಔಟು ಸಿಕ್ಕರೆ 58 ವರ್ಷಗಳ ಕಾಯುವಿಕೆ ಮುಗಿಯಿತು. ಬ್ಯಾಟರ್ ಲೂಯಿಸ್ ಕಾಸ್ಟಿಯೊ ಹೊಡೆದ ಚೆಂಡು ಎಡಬದಿಯ ಗೋಡೆಯತ್ತ ಮೇಲೆದ್ದಿತು. ಕಬ್ಸ್‌ನ ಮೊಯಿಸೆಸ್ ಅಲೂ ಓಡಿಬಂದು ಗೋಡೆಗೆ ಒತ್ತಿ ನೆಗೆದ. ಅದೇ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಹಲವರು ಕೈ ಚಾಚಿದರು. ಅವರಲ್ಲೊಬ್ಬನ ಕೈಗೆ ಚೆಂಡು ತಾಗಿ ಆಚೆ ಸಿಡಿಯಿತು. ತಲೆಗೆ ಕಬ್ಸ್ ಟೋಪಿ, ಕಿವಿಗೆ ರೇಡಿಯೋ ಕಾಮೆಂಟರಿಯ ಹೆಡ್‌ಫೋನು, ಹೆಚ್ಚು ಕಡಿಮೆ ಈಗ ನನಗಿರುವ ವಯಸ್ಸು. ಆತನ ಹೆಸರು ಇಡೀ ಅಮೆರಿಕಕ್ಕೆ ಗೊತ್ತು. ಇಲ್ಲಿ ಅದು ಬೇಡ.

ಅಲೂ ಸಿಟ್ಟಿನಿಂದ ಕೈಗವಸು ಬಡಿದು ಕೂಗಿದ. ಅಂಪೈರ್ ಮಾತ್ರ ಇದರಲ್ಲಿ ತಪ್ಪೇನೂ ಇಲ್ಲ ಎಂದ. ಚೆಂಡು ಮೈದಾನದ ಗಡಿ ದಾಟಿ ಪ್ರೇಕ್ಷಕರ ಕಡೆಯ ಗಾಳಿಗೆ ಬಂದಿತ್ತು, ಮತ್ತು ಅಲ್ಲಿ ಅದು ಯಾರಿಗೂ ಸೇರಿದ್ದಲ್ಲ. ಆಟಗಾರ ಕೈ ಚಾಚಿ ಹಿಡಿಯಬಹುದು, ಪ್ರೇಕ್ಷಕ ದಾರಿ ಬಿಡಬೇಕೆಂದಿಲ್ಲ. ಆ ಬ್ಯಾಟರನ ಲೆಕ್ಕದಲ್ಲಿ ಆಗಲೇ ಎರಡು ಸ್ಟ್ರೈಕ್ ಇದ್ದದ್ದರಿಂದ ಆ ಫೌಲ್ ಯಾವ ಅಂಕಿಯನ್ನೂ ಬದಲಿಸಲಿಲ್ಲ. ಅಧಿಕೃತ ಲೆಕ್ಕದ ಪ್ರಕಾರ ಅಲ್ಲಿ ಏನೂ ನಡೆಯಲೇ ಇಲ್ಲ.

ನಡೆದದ್ದೆಲ್ಲ ಆಮೇಲೆ. ಕಾಸ್ಟಿಯೊಗೆ ಪುಕ್ಕಟೆ ಬೇಸು ಸಿಕ್ಕಿತು, ಅದೂ ಪ್ರಯರನ ಎಸೆತ ದಿಕ್ಕು ತಪ್ಪಿ. ಮುಂದಿನವನು ಹೊಡೆದ, ಒಂದು ರನ್ನು ಬಂತು. ಅದರ ಮುಂದಿನವನು ಮಿಗೆಲ್ ಕಬ್ರೆರಾ. ಅವನು ನೆಲಕ್ಕೆ ಹೊಡೆದ ಚೆಂಡು ನೆಟ್ಟಗೆ ಕಬ್ಸ್ ಶಾರ್ಟ್‌ಸ್ಟಾಪ್ ಅಲೆಕ್ಸ್ ಗೊಂಜಾಲೆಸ್ ಬಳಿಗೆ ಹೋಯಿತು. ಆ ಋತುವಿನಲ್ಲಿ ಇಡೀ ನ್ಯಾಷನಲ್ ಲೀಗಿನ ಶಾರ್ಟ್‌ಸ್ಟಾಪ್‌ಗಳ ಪೈಕಿ ಫೀಲ್ಡಿಂಗ್ ಸರಾಸರಿಯಲ್ಲಿ ಮೊದಲಿಗ ಅವನು. ಹಿಡಿದಿದ್ದರೆ ಒಂದೇ ಏಟಿಗೆ ಎರಡು ಔಟಾಗಿ ಇನ್ನಿಂಗ್ಸ್ ಮುಗಿಯುವ ಸಾಧ್ಯತೆಯಿತ್ತು. ಚೆಂಡು ಕೈಗವಸಿಗೆ ಬಡಿದು ಜಾರಿತು. (ಎದುರು ತಂಡದ ಶಾರ್ಟ್‌ಸ್ಟಾಪ್ ಹೆಸರೂ ಅಲೆಕ್ಸ್ ಗೊಂಜಾಲೆಸ್! ಕಾದಂಬರಿಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ.) ಆಮೇಲೆ ಡೆರೆಕ್ ಲೀ ಹೊಡೆದು ಸಮ ಮಾಡಿದ. ಪಿಚರ್ ಬದಲಾದ, ಮತ್ತೊಬ್ಬ ಬಂದ, ಅವನಿಗೂ ಹೊಡೆತ ಬಿತ್ತು. ಇನ್ನಿಂಗ್ಸ್ ಮುಗಿಯುವಾಗ 8-3. ಕೊನೆಗೂ ಅದೇ.

ಸ್ಟೇಡಿಯಮ್ಮಿನ ಒಳಗೆ ಆಗ ದೊಡ್ಡ ಪರದೆ ಇರಲಿಲ್ಲ. ದೂರದ ಸ್ಟ್ಯಾಂಡುಗಳಲ್ಲಿ ಇದ್ದವರಿಗೆ ಏನಾಯಿತೆಂದು ಸರಿಯಾಗಿ ಕಂಡಿರಲಿಕ್ಕೂ ಇಲ್ಲ. ಟಿವಿಯವರು ಆ ಕೈಯನ್ನು ತಿರುತಿರುಗಿ ತೋರಿಸುತ್ತಿದ್ದರು. ಹೊರಗೆ ಟಿವಿ ನೋಡಿದವರ ಮಾತು ಫೋನುಗಳ ಮೂಲಕ ಒಳಗೆ ಬಂತು. ರನ್ನುಗಳು ಏರುತ್ತಿದ್ದಂತೆ ಬೈಗುಳವೂ ಏರಿತು, ಬಿಯರ್ ಎರಚಿದರು. ಕೊನೆಗೆ ಭದ್ರತಾ ಸಿಬ್ಬಂದಿ ಆತನನ್ನು ಮುಖ ಮುಚ್ಚಿಸಿ ಕರೆದೊಯ್ಯಬೇಕಾಯಿತು. ಮರುದಿನ ಪತ್ರಿಕೆಯಲ್ಲಿ ಹೆಸರು ಬಂತು, ಮನೆಗೆ ಪೊಲೀಸ್ ಕಾವಲು ಬಂತು. ಆ ವರ್ಷದ ಹ್ಯಾಲೋವೀನ್ ಹಬ್ಬಕ್ಕೆ ಜನ ಆತನ ಟೋಪಿ-ಹೆಡ್‌ಫೋನಿನ ವೇಷ ಹಾಕಿದರು. ಇಲಿನಾಯ್ ಗವರ್ನರ್ ಆತನ ಬಗ್ಗೆ ಜೋಕು ಹೊಡೆದರು. ಫ್ಲೋರಿಡಾದ ಗವರ್ನರ್ ಆಶ್ರಯ ಕೊಡುತ್ತೇವೆಂದು ಇನ್ನೊಂದು ಜೋಕು ಹೊಡೆದರು. ಫ್ಲೋರಿಡಾ ಅಭಿಮಾನಿಗಳು ಉಡುಗೊರೆ ಕಳಿಸಲು ಮುಂದಾದಾಗ, ಮಕ್ಕಳ ಮಧುಮೇಹದ ಸಂಶೋಧನೆಗೆ ಕೊಡಿ ಎಂದು ಆತ ಕೇಳಿಕೊಂಡ. ಕೈ ಒಂದೇ, ಚಾಚಿದ್ದು ಒಂದೇ ಸಲ. ಒಂದು ಊರಿನಲ್ಲಿ ಅದು ಪಾಪ, ಇನ್ನೊಂದು ಊರಿನಲ್ಲಿ ಪುಣ್ಯ.

ನನ್ನನ್ನು ಬಹಳ ದಿನ ಕಾಡಿದ್ದು ಗೊಂಜಾಲೆಸ್. ಅವನು ಬಿಟ್ಟ ಚೆಂಡು ಪ್ರೇಕ್ಷಕ ತಾಗಿಸಿದ ಚೆಂಡಿಗಿಂತ ಹೆಚ್ಚು ದುಬಾರಿಯಾಯಿತು. ಅದು ಅವನ ಕೆಲಸವೂ ಹೌದು, ಸಂಬಳವೂ ಅದಕ್ಕೇ. ಆದರೂ ಊರಿನ ಸಿಟ್ಟು ಅವನನ್ನು ಬಿಟ್ಟು ಆ ಆಸನವನ್ನೇ ಹುಡುಕಿಕೊಂಡು ಹೋದದ್ದೇಕೆ?

ನನಗೆ ತೋಚಿದ ಒಂದು ಉತ್ತರ ಆ ಆಟದ ಲೆಕ್ಕಪತ್ರದಲ್ಲಿದೆ. ಕ್ರಿಕೆಟ್ಟಿನ ಸ್ಕೋರ್ ಕಾರ್ಡಿನಲ್ಲಿ ಕೈಬಿಟ್ಟ ಕ್ಯಾಚಿಗೆ ಜಾಗವಿಲ್ಲ. ಬಿಟ್ಟವನ ಹೆಸರು ಜನರ ನೆನಪಿನಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸ್‌ಬಾಲಿನ ಸ್ಕೋರ್ ಬೋರ್ಡಿನಲ್ಲಿ ಮೂರು ಕಾಲಂ ಇರುತ್ತವೆ: ರನ್ನು, ಹಿಟ್ಟು, ಎರರ್. ಸಾಧಾರಣ ಪ್ರಯತ್ನದಿಂದ ಆಗಬಹುದಾಗಿದ್ದ ಕೆಲಸ ಆಗಲಿಲ್ಲವೇ ಎಂದು ತೀರ್ಮಾನಿಸಲು ಒಬ್ಬ ಅಧಿಕೃತ ಸ್ಕೋರರ್ ಇರುತ್ತಾನೆ. ಆ ರಾತ್ರಿ ಗೊಂಜಾಲೆಸ್ ಹೆಸರಿನಲ್ಲಿ ಒಂದು ಎರರ್ ಬರೆಯಲಾಯಿತು. ಒಂದು. ಬರೆದ ತಪ್ಪಿಗೆ ಒಂದು ಅಳತೆ ಇರುತ್ತದೆ. ಅದು ಒಂದೇ ಆಗಿರುತ್ತದೆ, ಎಂಟಾಗುವುದಿಲ್ಲ. ಅದಾದ ಮೇಲೆ ಮುಂದಿನ ಬ್ಯಾಟರ್ ಬರುತ್ತಾನೆ. ಪ್ರೇಕ್ಷಕನ ಕೈಗೆ ಯಾವ ಕಾಲಮ್ಮೂ ಇರಲಿಲ್ಲ. ಯಾರೂ ಅಳೆಯದ್ದರಿಂದ ಅದು ಎಷ್ಟು ಬೇಕಾದರೂ ದೊಡ್ಡದಾಗಬಹುದಿತ್ತು. ಎಂಟು ರನ್ನಿನಷ್ಟು, ಒಂದು ಸರಣಿಯಷ್ಟು, 95 ವರ್ಷಗಳಷ್ಟು. ಹಾಗೆಯೇ ಆಯಿತು.

ಇಂಥವನಿಗೆ ಅಮೆರಿಕನ್ನರು 'ಸ್ಕೇಪ್‌ಗೋಟ್' ಎನ್ನುತ್ತಾರೆ, ನಾವು 'ಬಲಿಪಶು' ಎನ್ನುತ್ತೇವೆ. ಅನುವಾದದಲ್ಲಿ ಒಂದು ಸಂಗತಿ ಕಳೆದುಹೋಗಿದೆ. ಬೈಬಲ್ಲಿನ ಲೇವಿಯ ಕಾಂಡದಲ್ಲಿ ಎರಡು ಹೋತಗಳಿವೆ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಜನರ ಪಾಪವನ್ನೆಲ್ಲ ಹೊರಿಸಿ ಜೀವಸಹಿತ ಕಾಡಿಗೆ ಅಟ್ಟುತ್ತಾರೆ. ಸ್ಕೇಪ್‌ಗೋಟ್ ಎಂದರೆ ಆ ಎರಡನೆಯದು. ಬಲಿಪಶುವಿನ ಕಷ್ಟ ಅವತ್ತಿಗೇ ಮುಗಿಯುತ್ತದೆ. ಎರಡನೆಯದು ಹೊರೆ ಹೊತ್ತು ಬದುಕಬೇಕು. ಆ ಪ್ರೇಕ್ಷಕ ಇದುವರೆಗೂ ಸಂದರ್ಶನ ಕೊಟ್ಟಿಲ್ಲ, ದೊಡ್ಡ ದುಡ್ಡಿನ ಆಹ್ವಾನಗಳನ್ನೂ ಒಪ್ಪಿಲ್ಲ. 2011ರಲ್ಲಿ ಅಲೆಕ್ಸ್ ಗಿಬ್ನಿ ಈ ಘಟನೆಯ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗಲೂ ಆತ ಕ್ಯಾಮೆರಾದ ಮುಂದೆ ಬರಲಿಲ್ಲ. ಕಾಡು ಎಂದರೆ ಮರಗಳೇ ಇರಬೇಕೆಂದಿಲ್ಲವಲ್ಲ. ತಮಾಷೆಯೆಂದರೆ ಕಬ್ಸ್ ಇತಿಹಾಸದಲ್ಲಿ ನಿಜವಾದ ಹೋತವೂ ಇದೆ. 1945ರ ವರ್ಲ್ಡ್ ಸೀರೀಸ್‌ಗೆ ಒಬ್ಬ ಪಾನಗೃಹದ ಮಾಲೀಕ ತನ್ನ ಹೋತವನ್ನು ಕರೆತಂದು ಹೊರದಬ್ಬಿಸಿಕೊಂಡನಂತೆ, ಶಾಪ ಹಾಕಿದನಂತೆ. ಅಷ್ಟು ವರ್ಷ ಒಂದು ಪ್ರಾಣಿ ಹೊತ್ತಿದ್ದ ಸೋಲನ್ನು ಅಂದು ಒಬ್ಬ ಮನುಷ್ಯನ ಹೆಗಲಿಗೆ ದಾಟಿಸಿದರು.

ಇದಕ್ಕಿಂತ ಆಳದಲ್ಲಿ ಇನ್ನೊಂದು ಕಾರಣವಿದೆ ಅನಿಸುತ್ತದೆ. ಅಭಿಮಾನಿಗಳು 'ಅವರು ಗೆದ್ದರು' ಎನ್ನುವುದಿಲ್ಲ, 'ನಾವು ಗೆದ್ದೆವು' ಎನ್ನುತ್ತಾರೆ. ಬ್ಯಾಟು ಮುಟ್ಟದವರೂ ಎನ್ನುತ್ತಾರೆ, ನಾನೂ ಎಷ್ಟೋ ಸಲ ಅಂದಿದ್ದೇನೆ. ತಾವು ಕೂಗಿದ್ದರಿಂದ, ಅದೇ ಹಳೆಯ ಅಂಗಿ ತೊಟ್ಟದ್ದರಿಂದ, ಕೂತ ಜಾಗದಿಂದ ಏಳದಿದ್ದುದರಿಂದ ಏನೋ ಆಯಿತೆಂಬ ನಂಬಿಕೆ ಆ 'ನಾವು'ವಿನ ಒಳಗಿದೆ. ಆದರೆ ಅದು ನಿಜವಲ್ಲವೆಂದೂ ಒಳಗೊಳಗೇ ಗೊತ್ತಿರುತ್ತದೆ. ಆ ರಾತ್ರಿ ಒಬ್ಬ ಅಭಿಮಾನಿ ನಿಜವಾಗಿಯೂ ಆಟವನ್ನು ಮುಟ್ಟಿದ. 39,000ಕ್ಕೂ ಹೆಚ್ಚು ಜನ ಬಯಸಿದ್ದು ಅವನೊಬ್ಬನಿಗೆ ಸಿಕ್ಕಿತು. ತಾವು ಆ ಜಾಗದಲ್ಲಿದ್ದರೆ ತಮ್ಮ ಕೈಯೂ ಏಳುತ್ತಿತ್ತೆಂದು ಅವರೆಲ್ಲರಿಗೂ ಗೊತ್ತಿರಬೇಕು. ಪಕ್ಕದ ಆಸನಗಳಲ್ಲಿ ಎದ್ದೂ ಇದ್ದವು. ಆ ಕೈಗಳಿಗೂ ಈ ಕೈಗೂ ಇದ್ದದ್ದು ಕೆಲವೇ ಇಂಚಿನ ಅಂತರ. ಉದ್ದೇಶ ಒಂದೇ, ಆತುರ ಒಂದೇ, ಕಣ್ಣು ನೆಟ್ಟಿದ್ದೂ ಒಂದೇ ಕಡೆ. ನೇಗಲ್ ಅವರ ಪ್ರಬಂಧವನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ.

ಹಾಗಾದರೆ ಆತನದು ಏನೂ ಇಲ್ಲವೇ? ಇಲ್ಲಿ ನಾನು ವಿಲಿಯಮ್ಸ್ ಅವರ ಪಕ್ಷ. ಮರುದಿನ ಆತ ಒಂದು ಹೇಳಿಕೆ ಕೊಟ್ಟ. ಕಣ್ಣು ಪೂರಾ ಚೆಂಡಿನ ಮೇಲಿತ್ತು, ಆಟಗಾರ ಅಲ್ಲಿರುವುದು ಕಾಣಲೇ ಇಲ್ಲ, ಕ್ಷಮಿಸಿ ಎಂಬ ಅರ್ಥದ್ದು. ನಿನ್ನದೇನೂ ತಪ್ಪಿಲ್ಲ ಎಂದು ನಾವು ಹೇಳುತ್ತೇವೆ, ಹೇಳಬೇಕು. ಆದರೆ ಆತ ಏನೂ ಆಗಿಲ್ಲವೆಂಬಂತೆ ಮರುದಿನ ನಗುನಗುತ್ತ ಕೆಲಸಕ್ಕೆ ಹೋಗಿದ್ದರೆ ನಮಗೂ ಎಲ್ಲೋ ಕಸಿವಿಸಿಯಾಗುತ್ತಿತ್ತು. ವಿಲಿಯಮ್ಸ್ ಈ ಭಾವನೆಗೆ ಇಂಗ್ಲಿಷಿನಲ್ಲಿ ಹೊಸ ಪದವನ್ನೇ ಕಟ್ಟಬೇಕಾಯಿತು, ಮಾಡಿದವನ ವಿಷಾದ ಎಂಬರ್ಥದ್ದು. ಕನ್ನಡದಲ್ಲಿ ಅದಕ್ಕೆ ಪರಿಭಾಷೆ ಬೇಡ, ವಿಭಕ್ತಿ ಸಾಕು. 'ನಾನು ಮಾಡಿದೆ' ಎನ್ನುವುದು ಒಂದು. 'ನಾನು ನೆಪ ಮಾತ್ರ' ಎನ್ನುವುದು ಇನ್ನೊಂದು. ಇವೆರಡರ ನಡುವೆ 'ನನ್ನಿಂದಾಯಿತು' ಎಂಬುದೊಂದಿದೆ. ಅದರಲ್ಲಿ ಉದ್ದೇಶವಿಲ್ಲ, ತಪ್ಪೊಪ್ಪಿಗೆಯೂ ಪೂರ್ತಿ ಇಲ್ಲ. ಆದರೆ ನುಣುಚಿಕೊಳ್ಳುವುದೂ ಇಲ್ಲ. ಲಾರಿ ಡ್ರೈವರ್ ಹೇಳಬಹುದಾದ ಮಾತು ಅದೇ. ಆ ಪ್ರೇಕ್ಷಕ ಹೇಳಿದ್ದೂ ಅದನ್ನೇ.

ವಿಲಿಯಮ್ಸ್ ಹೇಳದ, ನಾನು ನನ್ನ ಪ್ರಬಂಧದಲ್ಲಿ ವಾದಿಸಲು ಹೆಣಗುತ್ತಿರುವ ಸಂಗತಿ ಇದರ ಮುಂದಿನದು. ಅದೇ ಮಾತನ್ನು ಎದುರಿಗಿರುವವನ ಬಾಯಿಗೆ ಹಾಕಿ ನೋಡಿ: 'ನಿನ್ನಿಂದಾಯಿತು.' ಸರ್ವನಾಮವೊಂದು ಬದಲಾದದ್ದಷ್ಟೇ. ಆದರೆ ಒಳಗಿನಿಂದ ಬಂದಾಗ ಘನತೆಯಿದ್ದ ಮಾತು ಹೊರಗಿನಿಂದ ಬಂದಾಗ ಕಲ್ಲೇಟು. ಆ ವಿಷಾದ ಆತ ತಾನಾಗಿ ಕೊಡಬಹುದಾದದ್ದು. ಬೇರೆಯವರು ವಸೂಲಿ ಮಾಡಬಹುದಾದದ್ದಲ್ಲ. ನೈತಿಕ ಅದೃಷ್ಟದ ಚರ್ಚೆಯಲ್ಲಿ ಎರಡೂ ಬದಿಯವರು 'ಆತನಿಗೆ ಹೊಣೆ ಇದೆಯೇ ಇಲ್ಲವೇ' ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. ಯಾರು ಹೇಳುತ್ತಿದ್ದಾರೆ ಎಂಬುದನ್ನು ಬಿಟ್ಟು ಅದಕ್ಕೆ ಉತ್ತರವಿಲ್ಲ ಎಂಬುದು ನನ್ನ ವಾದ. ನನ್ನ ಗೈಡ್‌ಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಸತ್ಯ ಯಾರು ಹೇಳಿದರೂ ಸತ್ಯವೇ ಅಲ್ಲವೇ ಎನ್ನುತ್ತಾರೆ.

ಅವರಿಗೆ ನಾನು ಹೇಳಿರದ ಒಂದು ಉದಾಹರಣೆ ಮನೆಯದು. ನಮ್ಮ ದೊಡ್ಡಮ್ಮ ಸೊಸೆಯಾಗಿ ಮನೆ ತುಂಬಿದ ಇಪ್ಪತ್ತು ದಿನಕ್ಕೆ ತಾತ ತೀರಿಕೊಂಡರು. ಎದೆನೋವು ಅವರಿಗೆ ವರ್ಷಗಳಿಂದ ಇತ್ತು. ಅಜ್ಜಿಯೇ ಎಲ್ಲರ ಮುಂದೆ ಹಾಗೆಂದು ಹೇಳಿದ್ದರಂತೆ. ಆದರೂ ಕಾಲ್ಗುಣದ ಮಾತು ಹುಟ್ಟಿಕೊಂಡಿತು. ಯಾರೂ ಬೈಯಲಿಲ್ಲ, ಜಗಳವಾಡಲಿಲ್ಲ. ಬಿತ್ತನೆ ಶುರುಮಾಡುವಾಗ, ಹೊಸ ದನ ಕೊಟ್ಟಿಗೆಗೆ ತರುವಾಗ 'ನೀನೊಂಚೂರು ಹಿಂದೆ ಇರಮ್ಮ' ಎನ್ನುತ್ತಿದ್ದರು, ಅಷ್ಟೇ. ಇದು ಸುಮಾರು ಹದಿನೈದು ವರ್ಷ ನಡೆಯಿತು. ಆಮೇಲೊಮ್ಮೆ ತೋಟದಲ್ಲಿ ಬೋರು ಕೊರೆಸಿದರು. ಆ ದಿನ ಬೇರೆ ಯಾರೂ ಇಲ್ಲದ್ದರಿಂದ ಪೂಜೆಗೆ ಅರಿಶಿನ ಕುಂಕುಮ ಇಟ್ಟದ್ದು ದೊಡ್ಡಮ್ಮ. ಒಳ್ಳೇ ನೀರು ಬಿತ್ತು. ಅವತ್ತಿನಿಂದ ಅವರ ಕಾಲ್ಗುಣ ಬಹಳ ಒಳ್ಳೆಯದಾಯಿತು. ಮದುವೆ ಮನೆಗಳಲ್ಲಿ ಮುಂದೆ ಕರೆಯತೊಡಗಿದರು. ಈ ಕಥೆಯನ್ನು ನನಗೆ ಹೇಳಿದವರೂ ಅವರೇ, ಅವರೆಕಾಳು ಸುಲಿಯುತ್ತ. "ಆವಾಗ ನಾನೇನು ಮಾವನ್ನ ಸಾಯಿಸಿರಲಿಲ್ಲ. ಈಗ ನೀರೂ ನಾನು ಬರಿಸಿದ್ದಲ್ಲ. ಇವರು ಎರಡು ಸಲವೂ ನನ್ನ ಲೆಕ್ಕ ಬರೆದದ್ದೇ ತಪ್ಪು," ಎಂದರು.

ಕಬ್ಸ್ ಊರಿಗೂ ಒಂದು ದಿನ ಬೋರಿನಲ್ಲಿ ನೀರು ಬಿತ್ತು. ಅದಕ್ಕೆ ಮೊದಲು ಅವರು ಚೆಂಡಿಗೂ ಶಿಕ್ಷೆ ಕೊಟ್ಟಿದ್ದರು. ಆ ಚೆಂಡು 2003ರ ಕೊನೆಯಲ್ಲಿ ಹರಾಜಿನಲ್ಲಿ 1,13,000 ಡಾಲರ್‌ಗಿಂತ ಹೆಚ್ಚಿಗೆ ಹೋಯಿತು. ಕೊಂಡದ್ದು ಶಿಕಾಗೋದ ಒಂದು ರೆಸ್ಟೋರೆಂಟು. 2004ರ ಫೆಬ್ರವರಿಯಲ್ಲಿ ಜನರೆದುರು ಅದನ್ನು ಸಿಡಿಸಿ ಚಿಂದಿ ಮಾಡಿದರು. ಮುಂದಿನ ವರ್ಷ ಆ ಚಿಂದಿಯನ್ನು ಕುದಿಸಿ, ಅದರ ಹಬೆಯನ್ನು ಇಳಿಸಿ ಪಾಸ್ತಾ ಸಾಸಿಗೆ ಬೆರೆಸಿದರು. ನಾವು ಭೂತ ಬಿಡಿಸುವುದನ್ನು ನೋಡಿ ನಗುವವರು ಇದನ್ನೂ ಓದಬೇಕು. ಅಷ್ಟಾದರೂ ಗೆಲುವು ಬರಲಿಲ್ಲ.

2016ರಲ್ಲಿ ಬಂತು. ನವೆಂಬರ್ 2ರಂದು ಕ್ಲೀವ್‌ಲ್ಯಾಂಡಿನಲ್ಲಿ ಏಳನೇ ಪಂದ್ಯ, ಹತ್ತನೇ ಇನ್ನಿಂಗ್ಸು, 8-7. ಊರೆಲ್ಲ ಬೀದಿಗಿಳಿಯಿತು. ಆ ಪ್ರೇಕ್ಷಕನನ್ನು ಮೆರವಣಿಗೆಗೆ ಕರೆಯಬೇಕೆಂಬ ಮಾತು ಎದ್ದಿತು. ಆತ ಹೋಗಲಿಲ್ಲ. 2017ರ ಜುಲೈನಲ್ಲಿ ಕ್ಲಬ್ಬು ಆಟಗಾರರಿಗೆ ಕೊಡುವಂಥದೇ ಚಾಂಪಿಯನ್‌ಶಿಪ್ ಉಂಗುರವನ್ನು ಆತನಿಗೂ ಕೊಟ್ಟಿತು. ಬಹಳ ಜನ ಕಣ್ಣೀರಾದರು, ಒಂದು ಅಧ್ಯಾಯ ಮುಗಿಯಿತೆಂದು ಬರೆದರು. ಉಂಗುರ ಕೊಟ್ಟವರ ಮನಸ್ಸು ಒಳ್ಳೆಯದೇ ಇದ್ದಿರಬೇಕು. ಆದರೆ ಆ ಉಂಗುರದಲ್ಲಿ ನನಗೆ ನೆಮ್ಮದಿ ಕಾಣುವುದಿಲ್ಲ. ಶಿಕ್ಷೆ ಕೊಟ್ಟದ್ದು ಅದೃಷ್ಟವಾದರೆ ಬಿಡುಗಡೆ ಕೊಟ್ಟದ್ದೂ ಅದೃಷ್ಟವೇ. ಕ್ಲೀವ್‌ಲ್ಯಾಂಡಿನಲ್ಲಿ ಒಂದು ರನ್ನು ಆಚೀಚೆಯಾಗಿದ್ದರೆ ಆ ಉಂಗುರ ಎಲ್ಲಿರುತ್ತಿತ್ತು? ಆತ ಉಂಗುರ ಸ್ವೀಕರಿಸಿ ಕೃತಜ್ಞತೆ ಹೇಳಿದ. ಜೊತೆಗೆ ಜನರ ಖಾಸಗಿ ಬದುಕನ್ನು ಗೌರವಿಸಿ, ಸ್ವಂತ ಲಾಭಕ್ಕೆ ಯಾರನ್ನೂ ಬಳಸಿಕೊಳ್ಳಬೇಡಿ ಎಂದು ಮಾಧ್ಯಮಗಳನ್ನು ಕೇಳಿಕೊಂಡ.

ಇಷ್ಟು ವರ್ಷ ಸಾಕ್ಷಿ ಸಿಗದೆ ಈ ಮೊಕದ್ದಮೆ ಉಳಿದಿತ್ತೆಂದು ಯಾರೂ ಹೇಳುವಂತಿಲ್ಲ. ಅಕ್ಟೋಬರ್ 15ರಂದು, ಅಂದರೆ ಮರುದಿನವೇ, ಕಬ್ಸ್ ಕ್ಲಬ್ಬು ಒಂದು ಹೇಳಿಕೆ ಹೊರಡಿಸಿತ್ತು. ಮೈದಾನಕ್ಕೆ ಬರುವ ಯಾವ ಅಭಿಮಾನಿಯೂ ಮಾಡುವುದನ್ನೇ ಆತ ಮಾಡಿದ್ದಾನೆ, ಪಂದ್ಯದ ಸೋಲು ಗೆಲುವು ತೀರ್ಮಾನವಾಗುವುದು ಸ್ಟ್ಯಾಂಡಿನಲ್ಲಲ್ಲ, ಮೈದಾನದಲ್ಲಿ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ನಮ್ಮ ಅಜ್ಜಿ ಎಲ್ಲರ ಮುಂದೆ ಎದೆನೋವಿನ ವಿಷಯ ಹೇಳಿದ ಹಾಗೆ. ಅದೇ ಸಂಜೆ ಅದೇ ಮೈದಾನದಲ್ಲಿ ಏಳನೇ ಪಂದ್ಯ ನಡೆಯಿತು. ಪಿಚರ್ ಕೆರಿ ವುಡ್ ಸ್ವತಃ ಹೋಮ್ ರನ್ ಹೊಡೆದ. ಕಬ್ಸ್ ಒಂದು ಹಂತದಲ್ಲಿ 5-3 ಮುಂದಿತ್ತು. ಆ ಪ್ರೇಕ್ಷಕ ಆ ಸಂಜೆ ಸ್ಟೇಡಿಯಮ್ಮಿನಲ್ಲಿ ಇರಲಿಲ್ಲ. ಕಬ್ಸ್ 9-6ರಿಂದ ಸೋತಿತು.